ಪ್ರೆಸ್ಟನ್ ಮನೆತನದ ಕಾಗದಪತ್ರಗಳು: ಕೆಂಟಕಿಯ ಭೂಮಿ, ಅದರ ಮೋಜಣಿ ಮತ್ತು ಆ ಕಡತಗಳಲ್ಲಿ ಉಳಿದ ಜನ

ಹಳೆಗಡತ ಬರೆದದ್ದು:

ವರ್ಜೀನಿಯಾದ ಪ್ರೆಸ್ಟನ್ ಮನೆತನದ ಕಾಗದಪತ್ರಗಳನ್ನು ಕುರಿತು ಇಲ್ಲಿ ವಿವರವಾದ ಚರ್ಚೆ ನಡೆಯಬೇಕೆಂಬುದು ನನ್ನ ಬಹುದಿನದ ಆಸೆ. ಅಮೆರಿಕದ ಗಡಿನಾಡು ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ಕಾಡು, ಬಂದೂಕು ಮತ್ತು ಕೆಂಟಕಿಗೆ ಮೊದಮೊದಲು ಹೋದ ಬೇಟೆಗಾರ ಡೇನಿಯಲ್ ಬೂನ್ ನೆನಪಾಗುತ್ತಾರೆ. ಆದರೆ ಆ ನೆಲ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದು ಬಹುಮಟ್ಟಿಗೆ ತೀರ್ಮಾನವಾದದ್ದು ವಾರಂಟು (ಇಷ್ಟು ಎಕರೆ ಅಳೆಸಿಕೊಳ್ಳಬಹುದೆಂಬ ಸರ್ಕಾರಿ ಅನುಮತಿ ಪತ್ರ), ಮೋಜಣಿ ಪುಸ್ತಕ, ಚೆಕ್ಕುಬಂದಿ ವಿವರ ಮತ್ತು ಹಕ್ಕುಪತ್ರಗಳಲ್ಲಿ. ಆ ಕಾಗದಗಳು ಯಾರ ಮನೆಯ ಪೆಟ್ಟಿಗೆಯಲ್ಲಿದ್ದವೋ ಅವರ ಕಣ್ಣಿನಿಂದಲೇ ನಾವು ಇಂದಿಗೂ ಆ ಕಾಲವನ್ನು ನೋಡುತ್ತಿದ್ದೇವೆ.

ವಿಲಿಯಂ ಪ್ರೆಸ್ಟನ್ 1729ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆತಾಯಿ ಮತ್ತು ಸೋದರಮಾವ ಜೇಮ್ಸ್ ಪ್ಯಾಟನ್‌ರೊಂದಿಗೆ ವರ್ಜೀನಿಯಾಕ್ಕೆ ಬಂದವರು. ಪ್ಯಾಟನ್ ಸಾಮಾನ್ಯ ವಲಸೆಗಾರರಲ್ಲ. 1745ರಲ್ಲಿ ಅವರಿಗೂ ಅವರ ಜೊತೆಗಾರರಿಗೂ ಅಪಲೇಶಿಯನ್ ಬೆಟ್ಟಸಾಲಿನ ಪಶ್ಚಿಮಕ್ಕೆ 1,00,000 ಎಕರೆ ಭೂಮಿಯನ್ನು ಗುರುತಿಸಿಕೊಳ್ಳಲು ವಸಾಹತಿನ ಆಡಳಿತ ಅನುಮತಿ ನೀಡಿತ್ತು. ಸೋದರಮಾವನ ಬಳಿ ಬರವಣಿಗೆ ಮತ್ತು ಲೆಕ್ಕಪತ್ರದ ಕೆಲಸ ಕಲಿತ ಪ್ರೆಸ್ಟನ್, ಮುಂದೆ 1772ರಲ್ಲಿ ರಚನೆಯಾದ ಫಿನ್‌ಕಾಸಲ್ ಕೌಂಟಿಗೆ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತಹ ಆಡಳಿತ ವಿಭಾಗ) ಅಧಿಕೃತ ಮೋಜಣಿದಾರರಾದರು. ಇಂದಿನ ಕೆಂಟಕಿ ರಾಜ್ಯವೆಲ್ಲ ಆಗ ಕಾಗದದ ಮೇಲೆ ಆ ಒಂದೇ ಕೌಂಟಿಯೊಳಗೆ ಸೇರಿತ್ತೆಂಬುದನ್ನು ಗಮನಿಸಿದರೆ, ಆ ಹುದ್ದೆಯ ತೂಕ ತಿಳಿಯುತ್ತದೆ. ಪಶ್ಚಿಮದ ಯಾವುದೇ ತುಂಡು ಭೂಮಿಗೆ ಕಾನೂನಿನ ಹಕ್ಕು ಹುಟ್ಟಬೇಕಾದರೆ ಅದು ಪ್ರೆಸ್ಟನ್ ಅಥವಾ ಅವರ ಸಹಾಯಕರ ಅಳತೆಯನ್ನು ದಾಟಿಯೇ ಬರಬೇಕಿತ್ತು. ಕೌಂಟಿಯ ಸೇನಾಪಡೆಯ ಮುಖ್ಯಸ್ಥರೂ ಅವರೇ. ಹೀಗೆ ಅಳತೆಯೂ ಕಾವಲೂ ಒಂದೇ ಕೈಯಲ್ಲಿದ್ದುದರಿಂದ ಎರಡರ ಪತ್ರವ್ಯವಹಾರವೂ ಒಂದೇ ಮನೆಯಲ್ಲಿ ಸೇರಿಕೊಂಡಿತು.

ಈ ಕಾಗದಗಳಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಭೂಮಿಯ ದಾಖಲೆಗಿಂತ ಮೊದಲಿನ ಒಂದು ಪಟ್ಟಿ. 1754ರಿಂದ 1758ರವರೆಗೆ ಆಗಸ್ಟಾ ಕೌಂಟಿಯಲ್ಲಿ ಶತ್ರುಗಳಿಂದ ಸತ್ತವರು, ಗಾಯಗೊಂಡವರು ಮತ್ತು ಸೆರೆಯಾದವರ ಹೆಸರುಗಳನ್ನು ಪ್ರೆಸ್ಟನ್ ಒಂದು ರಿಜಿಸ್ಟರಿನಲ್ಲಿ ಬರೆದಿಟ್ಟರು. ಸಾಲಿಗೊಂದು ಹೆಸರು, ಅದರ ಪಕ್ಕದಲ್ಲಿ ದಿನ, ಸ್ಥಳ ಮತ್ತು ಆದದ್ದೇನೆಂಬ ಒಂದೆರಡು ಪದ. ಆ ಪಟ್ಟಿಯಲ್ಲಿ 1755ರ ಜುಲೈಯಲ್ಲಿ ಡ್ರೇಪರ್ಸ್ ಮೆಡೋ ಎಂಬಲ್ಲಿ ಶಾನೀ ಮೂಲನಿವಾಸಿಗಳ ದಾಳಿಯಲ್ಲಿ ಕೊಲೆಯಾದ ಜೇಮ್ಸ್ ಪ್ಯಾಟನ್ ಕೂಡ ಇದ್ದಾರೆ. ಸ್ವಂತ ಸೋದರಮಾವನ ಸಾವನ್ನೂ ನೆರೆಹೊರೆಯವರ ಸಾವಿನಂತೆಯೇ ಅದೇ ಅಂಕಣದಲ್ಲಿ, ಅಷ್ಟೇ ಅಕ್ಷರಗಳಲ್ಲಿ ದಾಖಲಿಸಿದ ಆ ಕೈಬರಹದ ಹಿಂದಿನ ಮನಸ್ಸು ಎಂತಹದು ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ.

ನನ್ನ ಅಭಿಪ್ರಾಯ ಇಷ್ಟು. ಇವನ್ನು ಕುಟುಂಬದ ನೆನಪಿನ ಕಾಗದಗಳೆಂದು ಓದುವುದಕ್ಕಿಂತ ಮೊದಲು ಭೂಹಕ್ಕಿನ ಪುರಾವೆಗಳೆಂದು ಓದಬೇಕು. ಪ್ರತಿಯೊಂದು ಹಾಳೆಯೂ ಉಳಿದಿರುವುದು ಅದರಿಂದ ಎಂದಾದರೊಂದು ದಿನ ತಕರಾರಿನಲ್ಲಿ ಉಪಯೋಗವಾದೀತೆಂಬ ಎಣಿಕೆಯಿಂದ. ಬಲ್ಲವರು ದಯವಿಟ್ಟು ಮುಂದುವರಿಸಬೇಕು.

ಮೋಜಣಿದಾರ ಬರೆದದ್ದು:

ಹಳೆಗಡತ ಅವರೇ, ವಿಷಯ ಎತ್ತಿದ್ದಕ್ಕೆ ಧನ್ಯವಾದಗಳು. ನಾನು ಭೂಮಾಪನ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಆದ್ದರಿಂದ ಅಳತೆಯ ಬಗ್ಗೆ ಸ್ವಲ್ಪ ಬರೆಯುತ್ತೇನೆ.

ಆ ಕಾಲದ ವರ್ಜೀನಿಯಾ ಮೋಜಣಿಯಲ್ಲಿ ದೂರವನ್ನು ಪೋಲ್ ಎಂಬ ಮಾನದಲ್ಲಿ ಬರೆಯುತ್ತಿದ್ದರು. ಒಂದು ಪೋಲ್ ಎಂದರೆ 16.5 ಅಡಿ. ನಾಲ್ಕು ಪೋಲ್ ಸೇರಿದರೆ 66 ಅಡಿಯ, 100 ಕೊಂಡಿಗಳ ಗಂಟರ್ ಸರಪಳಿ. ಗುಡ್ಡಗಾಡಿನಲ್ಲಿ ಅದರ ಅರ್ಧದಷ್ಟಿರುವ, ಎರಡು ಪೋಲಿನ ಸರಪಳಿಯೂ ಬಳಕೆಯಲ್ಲಿತ್ತು. ಎರಡು ಪೋಲ್ ಎಂದರೆ 33 ಅಡಿ. ನಮ್ಮ ಮೋಜಣಿಯಲ್ಲಿ 16 ಆಣೆಯ ಸರಪಳಿಯ ಉದ್ದವೂ ಅದೇ 33 ಅಡಿ. 33 ಅಡಿ ಉದ್ದ 33 ಅಡಿ ಅಗಲದ ನೆಲವೇ ನಮ್ಮ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಎರಡೂ ಕಡೆಯ ಎಕರೆ ಒಂದೇ ಇಂಗ್ಲಿಷ್ ಮಾನದಿಂದ ಬಂದದ್ದರಿಂದ, ಕೆಂಟಕಿಯ 1774ರ ಮೋಜಣಿ ಹಾಳೆಯನ್ನು ನಮ್ಮ ಹಳೆಯ ಟಿಪ್ಪಣಿ ಪುಸ್ತಕ ಓದಿ ಅಭ್ಯಾಸವಿದ್ದವರು ಕಷ್ಟವಿಲ್ಲದೆ ಲೆಕ್ಕ ಹಾಕಬಹುದು. ಉದಾಹರಣೆಗೆ, 1,000 ಎಕರೆಯ ನೆಲ ಸರಿಯಾದ ಚೌಕವಾಗಿದ್ದರೆ ಅದರ ಒಂದೊಂದು ಬದಿಯೂ 400 ಪೋಲ್, ಅಂದರೆ ಒಂದೂಕಾಲು ಮೈಲಿ. ಎರಡು ಪೋಲಿನ ಸರಪಳಿಯನ್ನು ಒಂದು ಬದಿಗೆ 200 ಸಲ ಹಾಸಬೇಕು; ದಟ್ಟ ಕಾಡು, ಹಳ್ಳ, ಬಿದಿರಿನಂತಹ ಕೇನ್ ಪೊದೆಗಳ ನಡುವೆ ನಾಲ್ಕು ಬದಿಗೂ ಹಾಸಬೇಕು.

ನಮ್ಮಲ್ಲಿಯಂತೆ ಗಡಿಕಲ್ಲು ನೆಡುವ ಪದ್ಧತಿ ಅಲ್ಲಿ ಇರಲಿಲ್ಲ. ಮೂಲೆಗಳೆಲ್ಲ ಮರಗಳು. ತೊರೆಯ ದಂಡೆಯ ಬಿಳಿ ಓಕ್ ಮರದಿಂದ ಆರಂಭಿಸಿ, ದಿಕ್ಸೂಚಿಯ ಇಂತಿಷ್ಟು ಡಿಗ್ರಿಯಲ್ಲಿ ಇಂತಿಷ್ಟು ಪೋಲ್ ಸಾಗಿದರೆ ಎರಡು ಹಿಕರಿ ಮರ, ಅಲ್ಲಿಂದ ತಿರುಗಿದರೆ ಒಂದು ಸಕ್ಕರೆ ಮೇಪಲ್, ಕೊನೆಗೆ ಮತ್ತೆ ಮೊದಲಿನ ಬಿಳಿ ಓಕ್. ಮೂಲೆಯ ಮರಕ್ಕೂ ಗೆರೆಯ ಮೇಲಿನ ಮರಗಳಿಗೂ ಕೊಡಲಿಯಿಂದ ಗುರುತು ಹಾಕಲು ಒಬ್ಬನಿರುತ್ತಿದ್ದ. ಸರಪಳಿ ಹಿಡಿಯಲು ಇಬ್ಬರು. ಕೆಂಟಕಿಯ ಅನೇಕ ಮೋಜಣಿ ಹಾಳೆಗಳ ಕೆಳಗೆ ಈ ಸರಪಳಿಯವರ ಮತ್ತು ಗುರುತುಗಾರನ ಹೆಸರುಗಳಿವೆ. ಎಕರೆಗಟ್ಟಲೆ ನೆಲ ಯಾರ ಹೆಸರಿಗಾಯಿತೋ ಅವರ ವಂಶಾವಳಿಯನ್ನು ಬರೆಯಲು ಜನರಿದ್ದಾರೆ. ಸರಪಳಿ ಎಳೆದವನ ಹೆಸರು ಎಷ್ಟೋ ಸಂದರ್ಭಗಳಲ್ಲಿ ಆ ಒಂದು ಹಾಳೆಯ ಅಂಚಿನಲ್ಲಿ ಮಾತ್ರ ಇರುತ್ತದೆ.

ಇನ್ನೊಂದು ಮಾತು. ವಸಾಹತು ಕಾಲದಲ್ಲಿ ಕೌಂಟಿ ಮೋಜಣಿದಾರರನ್ನು ಪರೀಕ್ಷಿಸಿ ಸನ್ನದು ಕೊಡುವ ಅಧಿಕಾರ ವಿಲಿಯಂ ಅಂಡ್ ಮೇರಿ ಕಾಲೇಜಿಗೆ ಇತ್ತು. ಮೋಜಣಿ ಶುಲ್ಕದ ಆರನೆಯ ಒಂದು ಭಾಗ ಕಾಲೇಜಿಗೆ ಸಲ್ಲಬೇಕಿತ್ತು. ಪಶ್ಚಿಮದ ಕಾಡನ್ನು ಅಳೆದಷ್ಟೂ ಪೂರ್ವದ ಆ ವಿದ್ಯಾಸಂಸ್ಥೆಗೆ ಆದಾಯ ಬರುತ್ತಿತ್ತು.

ದಾಖಲೆಪ್ರಿಯೆ ಬರೆದದ್ದು:

ಇಬ್ಬರ ಬರಹವನ್ನೂ ಆಸಕ್ತಿಯಿಂದ ಓದಿದೆ. ಆದರೆ ಒಂದು ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಲೇಬೇಕಾಗಿದೆ. ಪ್ರೆಸ್ಟನ್ನರ ಜನ ಅಳೆದ ಭೂಮಿ ಯಾರದಾಗಿತ್ತು?

1763ರಲ್ಲಿ ಇಂಗ್ಲೆಂಡಿನ ರಾಜನೇ ಬೆಟ್ಟಸಾಲಿನ ಪಶ್ಚಿಮಕ್ಕೆ ನೆಲೆಸಬಾರದೆಂದು ಘೋಷಣೆ ಹೊರಡಿಸಿದ. ಅದೇ ಘೋಷಣೆಯಲ್ಲಿ ಫ್ರೆಂಚರ ಮೇಲಿನ ಯುದ್ಧದಲ್ಲಿ ಹೋರಾಡಿದವರಿಗೆ ಭೂಮಿ ಕೊಡುವ ಭರವಸೆಯೂ ಇತ್ತು: ಹಿರಿಯ ಅಧಿಕಾರಿಗೆ 5,000 ಎಕರೆ, ಕ್ಯಾಪ್ಟನ್‌ಗೆ 3,000, ಸಾಮಾನ್ಯ ಸೈನಿಕನಿಗೆ 50. ಸೈನಿಕರ ಆ ಹಕ್ಕುಗಳನ್ನು ಅಧಿಕಾರಿಗಳೂ ವ್ಯಾಪಾರಿಗಳೂ ಕೊಂಡು ಕೂಡಿಹಾಕಿದರು. 1768ರ ಫೋರ್ಟ್ ಸ್ಟ್ಯಾನ್‌ವಿಕ್ಸ್ ಒಪ್ಪಂದದಲ್ಲಿ ಓಹಾಯೊ ನದಿಯ ದಕ್ಷಿಣದ ನೆಲವನ್ನು ಬಿಟ್ಟುಕೊಟ್ಟವರು ಉತ್ತರದ ಮೂಲನಿವಾಸಿಗಳಾದ ಇರೊಕ್ವಾ ಒಕ್ಕೂಟದವರು. ಆ ನೆಲದಲ್ಲಿ ಬೇಟೆಯಾಡಿ ಬದುಕುತ್ತಿದ್ದವರು ಶಾನೀ ಮತ್ತು ಚೆರೋಕಿ ಜನ. ಬೇರೆಯವರ ನೆಲವನ್ನು ಬೇರೆಯವರಿಂದ ಕ್ರಯಕ್ಕೆ ಪಡೆದ ಮೇಲೆ ಅದನ್ನು ಎಷ್ಟು ಚೊಕ್ಕಟವಾಗಿ ಅಳೆದರೂ ಮೂಲದ ದೋಷ ಹೋಗುವುದಿಲ್ಲ.

ಪ್ರೆಸ್ಟನ್ ಅವರದೇ ಒಂದು ಪತ್ರವನ್ನು ಇಲ್ಲಿ ನೆನಪಿಸುತ್ತೇನೆ. 1774ರ ಜುಲೈ 20ರಂದು, ವರ್ಜೀನಿಯಾದ ಗವರ್ನರ್ ಡನ್‌ಮೋರ್ ಶಾನೀಗಳ ಮೇಲೆ ನಡೆಸಲಿದ್ದ ಯುದ್ಧಕ್ಕೆ ಸ್ವಯಂಸೇವಕರನ್ನು ಕರೆಯುತ್ತಾ ಅವರು ಒಂದು ಸುತ್ತೋಲೆ ಬರೆದರು. ಶತ್ರುವಿನ ನಾಡಿನಿಂದ ಸಿಗುವ ಕೊಳ್ಳೆ ಬೆಲೆಬಾಳುವಂಥದ್ದು, ಶಾನೀಗಳ ಬಳಿ ಬಹಳ ಕುದುರೆಗಳಿವೆಯಂತೆ ಎಂಬ ಅರ್ಥದ ಮಾತು ಅದರಲ್ಲಿ ನೇರವಾಗಿಯೇ ಇದೆ. ಸತ್ತವರ ಪಟ್ಟಿಯನ್ನು ಅಷ್ಟು ಶ್ರದ್ಧೆಯಿಂದ ಬರೆದ ಅದೇ ಕೈ ಈ ಸುತ್ತೋಲೆಯನ್ನೂ ಬರೆಯಿತು. ಶಾನೀಗಳ ಕಡೆ ಸತ್ತವರ ಹೆಸರುಗಳನ್ನು ಸಾಲಿಗೊಂದರಂತೆ ಬರೆದಿಟ್ಟ ರಿಜಿಸ್ಟರು ಆ ಮನೆಯ ಪೆಟ್ಟಿಗೆಯಲ್ಲಿಲ್ಲ. ಹಾಗಾದರೆ ಈ ಕಾಗದಗಳನ್ನು ಅವಲಂಬಿಸಿ ಬರೆದ ಚರಿತ್ರೆಯನ್ನು ನಾವು ಎಷ್ಟರಮಟ್ಟಿಗೆ ನಂಬಬೇಕು?

ಹಳೆಗಡತ ಬರೆದದ್ದು:

ಮೇಡಂ, ನಿಮ್ಮ ಆಕ್ಷೇಪ ಪೂರ್ತಿ ನ್ಯಾಯವಾದದ್ದು. ಆದರೂ ಆ ಸುತ್ತೋಲೆ ನಮಗೆ ದೊರೆತದ್ದು ಇದೇ ಸಂಗ್ರಹದಿಂದಲೇ ಅಲ್ಲವೇ? ತನ್ನ ಹಕ್ಕನ್ನು ಕಾಪಾಡಿಕೊಳ್ಳಲು ಎಲ್ಲವನ್ನೂ ಕೂಡಿಟ್ಟ ಮನೆತನ, ತನಗೆ ಗೌರವ ತರದ ಕಾಗದವನ್ನೂ ಕೂಡಿಟ್ಟಿತು. ಹೊಗಳಿಕೆಗೆಂದು ಆಯ್ದು ಇಟ್ಟ ಸಂಗ್ರಹದಲ್ಲಿ ಇಂತಹ ಹಾಳೆ ಸಿಗುತ್ತಿರಲಿಲ್ಲ. ಪುರಾವೆಗೆಂದು ಇಟ್ಟ ಸಂಗ್ರಹದ ದೊಡ್ಡ ಲಾಭವೇ ಇದು ಎಂದು ನನಗೆ ಅನಿಸುತ್ತದೆ.

ಜಾನ್ ಫ್ಲಾಯ್ಡ್ ಬರೆದ ಪತ್ರಗಳನ್ನು ನೋಡಿ. ಪ್ರೆಸ್ಟನ್ ಮನೆಯಲ್ಲಿಯೇ ಇದ್ದು ಕೆಲಸ ಕಲಿತ ಈ ತರುಣ 1774ರ ಏಪ್ರಿಲ್‌ನಲ್ಲಿ ಸಹಾಯಕ ಮೋಜಣಿದಾರನಾಗಿ ಒಂದು ತಂಡದೊಂದಿಗೆ ಕೆಂಟಕಿಗೆ ಹೊರಟ. ಯುದ್ಧದ ಸುಳಿವು ಸಿಕ್ಕಾಗ, ಕಾಡಿನಲ್ಲಿ ಚದುರಿದ್ದ ಮೋಜಣಿ ತಂಡಗಳನ್ನು ಎಚ್ಚರಿಸಿ ಕರೆತರಲು ಡೇನಿಯಲ್ ಬೂನ್ ಮತ್ತು ಮೈಕೆಲ್ ಸ್ಟೋನರ್ ಹೋದದ್ದು ಪ್ರೆಸ್ಟನ್ ಅವರ ಆದೇಶದ ಫಲವಾಗಿಯೇ; ಅವರಿಬ್ಬರೂ ಎರಡು ತಿಂಗಳಲ್ಲಿ ಸುಮಾರು 800 ಮೈಲಿ ಸುತ್ತಿದರು. ಬೂನ್ ಹೆಸರು ನಾಡೆಲ್ಲ ಹಬ್ಬಿದ ಮೇಲೆ ಈ ಪ್ರಯಾಣವನ್ನು ಸಾಹಸದ ಕಥೆಯಾಗಿ ಹೇಳುತ್ತಾರೆ, ಆದರೆ ಅದರ ಉದ್ದೇಶ ಅಳತೆಯ ಜನರನ್ನೂ ಅವರ ಕೈಯಲ್ಲಿದ್ದ ಅಳತೆಯನ್ನೂ ಉಳಿಸುವುದಾಗಿತ್ತು.

ಫ್ಲಾಯ್ಡ್ 1776ರ ಜುಲೈ 21ರಂದು ಕೆಂಟಕಿಯಲ್ಲಿ ಬೂನ್ ನೆಲೆಸಿದ್ದ ಬೂನ್ಸ್‌ಬರೊದಿಂದ ಪ್ರೆಸ್ಟನ್‌ಗೆ ಬರೆದ ಪತ್ರ ಈ ಸಂಗ್ರಹದ ಮುಖ್ಯ ಪತ್ರಗಳಲ್ಲಿ ಒಂದು. ಅದಕ್ಕೆ ಒಂದು ವಾರ ಮೊದಲು ಬೂನ್ ಮಗಳು ಜೆಮೈಮಾ ಮತ್ತು ಕ್ಯಾಲವೇ ಮನೆಯ ಇಬ್ಬರು ಹುಡುಗಿಯರನ್ನು ಮೂಲನಿವಾಸಿಗಳ ಒಂದು ತಂಡ ಹಿಡಿದುಕೊಂಡು ಹೋಗಿತ್ತು. ಅವರನ್ನು ಬೆನ್ನಟ್ಟಿ ಬಿಡಿಸಿ ತಂದವರಲ್ಲಿ ಫ್ಲಾಯ್ಡ್ ಕೂಡ ಒಬ್ಬ. ಆ ಘಟನೆಯನ್ನು ಬರೆದ ಮೇಲೆ ಆತ ನಾಡಿನ ಸ್ಥಿತಿಯನ್ನು ತಿಳಿಸುತ್ತಾನೆ. ತಾನು ಬಂದ ಮೇಲೆ 300ಕ್ಕೂ ಹೆಚ್ಚು ಗಂಡಸರು ಕೆಂಟಕಿ ಬಿಟ್ಟು ಹೋಗಿದ್ದಾರೆ, ತನಗೂ ಮನೆಗೆ ಮರಳುವ ಆಸೆ ಬೇರೆ ಯಾರಿಗಿಂತಲೂ ಕಡಿಮೆಯಿಲ್ಲ, ಆದರೆ ಈಗ ತಾನು ಹೊರಟರೆ ಅದನ್ನೇ ನೋಡಿ ಉಳಿದವರೂ ಹೊರಟುಬಿಡುತ್ತಾರೆ ಎನ್ನುತ್ತಾನೆ. ಭೂಮಿಯ ಆಸೆಯಿಂದ ಬಂದು, ಭಯದಿಂದ ಓಡಿಹೋಗುತ್ತಿದ್ದ ಜನರ ನಡುವೆ ಕುಳಿತು ಬರೆದ ಆ ಸಾಲುಗಳಲ್ಲಿ ಶೌರ್ಯದ ಅಬ್ಬರ ಇಲ್ಲವೇ ಇಲ್ಲ. ಅದಕ್ಕಾಗಿಯೇ ನಾನು ಅವನ್ನು ನಂಬುತ್ತೇನೆ.

ಫ್ಲಾಯ್ಡ್ 1783ರ ಏಪ್ರಿಲ್‌ನಲ್ಲಿ ದಾಳಿಯೊಂದರಲ್ಲಿ ಗಾಯಗೊಂಡು ತೀರಿಕೊಂಡ. ಅದೇ ವರ್ಷದ ಜೂನ್‌ನಲ್ಲಿ ಪ್ರೆಸ್ಟನ್ ಕೂಡ ತೀರಿಕೊಂಡರು.

ನ್ಯೂರಿವರ್_ಕನ್ನಡಿಗ ಬರೆದದ್ದು:

ನಾನು ನೈಋತ್ಯ ವರ್ಜೀನಿಯಾದಲ್ಲಿ ನೆಲೆಸಿರುವವನು. ಪ್ಯಾಟನ್ ಸತ್ತ ಡ್ರೇಪರ್ಸ್ ಮೆಡೋ ಭೂಮಿಯನ್ನು ಪ್ರೆಸ್ಟನ್ ಮುಂದೆ ಕೊಂಡುಕೊಂಡು ಅಲ್ಲಿಯೇ 1774ರ ಸುಮಾರಿಗೆ ಸ್ಮಿತ್‌ಫೀಲ್ಡ್ ಎಂಬ ಮನೆ ಕಟ್ಟಿದರು. ಹೆಂಡತಿ ಸುಸಾನಾ ಸ್ಮಿತ್ ಅವರ ತವರಿನ ಹೆಸರಿನಿಂದ ಬಂದದ್ದು ಅದು. ಬ್ಲ್ಯಾಕ್ಸ್‌ಬರ್ಗ್‌ನಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಆವರಣಕ್ಕೆ ತಾಗಿದಂತೆ ಆ ಮನೆ ಇಂದಿಗೂ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಇಲ್ಲಿ ಓದಲು ಬರುವ ನಮ್ಮ ಕಡೆಯ ವಿದ್ಯಾರ್ಥಿಗಳು ಅದರ ಪಕ್ಕದಲ್ಲಿಯೇ ಓಡಾಡುತ್ತಾರೆ. ಬಿಳಿ ಬಣ್ಣದ ಆ ಮರದ ಮನೆ ಏನೆಂದು ಕೇಳಿ ತಿಳಿಯುವವರು ಕಡಿಮೆ.

ದಾಖಲೆಪ್ರಿಯೆ ಅವರು ಎತ್ತಿದ ಪ್ರಶ್ನೆಗೆ ಇನ್ನೊಂದು ಮಗ್ಗುಲನ್ನು ಸೇರಿಸುವುದು ಅಗತ್ಯ. ಕಾಡು ಕಡಿದು ಆ ಭೂಮಿಯನ್ನು ಹೊಲವಾಗಿಸಿದವರು ಯಾರು? 1759ರಲ್ಲಿ ಟ್ರೂ ಬ್ಲೂ ಎಂಬ ಹಡಗಿನಲ್ಲಿ ಆಫ್ರಿಕದಿಂದ ತಂದ ಜನರಲ್ಲಿ 16 ಮಂದಿಯನ್ನು ವಿಲಿಯಂ ಪ್ರೆಸ್ಟನ್ ಕೊಂಡುಕೊಂಡರು. ಈ ಸಂಗತಿಯನ್ನು ನಾವು ತಿಳಿದಿರುವುದು ಅವರ ಕಾಗದಪತ್ರಗಳಿಂದಲೇ. ಭೂಮಾಲೀಕರ ಕಡತದಲ್ಲಿ ಗುಲಾಮರ ಹೆಸರುಗಳು ಬರುವ ಜಾಗಗಳು ಕೆಲವೇ: ಕ್ರಯದ ಲೆಕ್ಕ, ತೆರಿಗೆಯ ಪಟ್ಟಿ, ಮರಣಶಾಸನ, ಆಸ್ತಿಯ ಬೆಲೆ ಕಟ್ಟುವ ತಖ್ತೆ. ಕುದುರೆ, ಹಸು, ಸಾಮಾನುಗಳ ನಡುವೆ ಒಂದು ಹೆಸರು, ಅದರ ಮುಂದೆ ಒಂದು ಬೆಲೆ. ಅಪ್ಪ ಯಾರು, ತಾಯಿ ಯಾರು ಎಂಬುದು ಹೆಚ್ಚಿನ ಕಡೆ ಇರುವುದಿಲ್ಲ. ಹೀಗಿದ್ದರೂ ಬೆಲೆ ಕಟ್ಟಲು ಬರೆದ ಆ ಹೆಸರುಗಳನ್ನೇ ಹಿಡಿದು, ಒಂದು ತಲೆಮಾರಿನ ತಖ್ತೆಯನ್ನು ಮುಂದಿನ ತಲೆಮಾರಿನ ಪಾಲುಪಟ್ಟಿಯೊಂದಿಗೆ ತಾಳೆ ನೋಡಿ, ಇಂದು ವಂಶಸ್ಥರು ತಮ್ಮ ಹಿರಿಯರನ್ನು ಗುರುತಿಸುತ್ತಿದ್ದಾರೆ. ಪ್ರೆಸ್ಟನ್ ಮನೆತನದ ಎಸ್ಟೇಟಿನಲ್ಲಿ ಗುಲಾಮರಾಗಿದ್ದ ಫ್ರಾಕ್ಷನ್ ಕುಟುಂಬದ ಸಹೋದರರು ಅಂತರ್ಯುದ್ಧದ ಕಾಲದಲ್ಲಿ ಅಲ್ಲಿಂದ ಹೊರಟು ಒಕ್ಕೂಟದ, ಅಂದರೆ ಉತ್ತರದವರ, ಸೈನ್ಯ ಸೇರಿದರು. ಆ ಹಂತದಿಂದ ಅವರ ಹೆಸರು ಮಾಲೀಕರ ಕಾಗದದಿಂದ ಬಿಡಿಸಿಕೊಂಡು ಸೈನ್ಯದ ದಾಖಲೆಗೆ ಬರುತ್ತದೆ.

ಹಳೆಗಡತ ಅವರು ಹೇಳಿದ ಹಾಗೆ ಇವು ಹಕ್ಕಿನ ಪುರಾವೆಗಳು ಎಂದಾದರೆ, ಮನುಷ್ಯರ ಮೇಲಿನ ಹಕ್ಕಿಗೂ ಪುರಾವೆ ಬೇಕಾಗಿತ್ತು ಎಂಬುದನ್ನು ಅಷ್ಟೇ ಸ್ಪಷ್ಟವಾಗಿ ಹೇಳಬೇಕು.

ಗ್ರಂಥಪಾಲಕಿ ಬರೆದದ್ದು:

ಈ ಕಾಗದಗಳು ಈಗ ಎಲ್ಲಿವೆ, ಅಲ್ಲಿಗೆ ಹೇಗೆ ಹೋದವು ಎಂಬುದೂ ಚರ್ಚೆಯಾಗಬೇಕಾದ ವಿಷಯ. ಒಂದು ದೊಡ್ಡ ಭಾಗ ವರ್ಜೀನಿಯಾದಲ್ಲಿ ಇಲ್ಲ. ನೂರಾರು ಮೈಲಿ ದೂರದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ, ಅಲ್ಲಿನ ಇತಿಹಾಸ ಸಂಸ್ಥೆಯಲ್ಲಿದೆ. ಅದಕ್ಕೆ ಕಾರಣ ಲೈಮನ್ ಡ್ರೇಪರ್ ಎಂಬ ಸಂಗ್ರಾಹಕ. ಡ್ರೇಪರ್ಸ್ ಮೆಡೋದ ಡ್ರೇಪರ್ ಕುಟುಂಬ ಬೇರೆ, ಈತ 1815ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದವನು. ಗಡಿನಾಡಿನ ವೀರರ ಚರಿತ್ರೆ ಬರೆಯಬೇಕೆಂಬ ಹಂಬಲದಿಂದ 1838ರ ಸುಮಾರಿಗೆ ಹಳಬರಿಗೂ ಅವರ ಮಕ್ಕಳಿಗೂ ಪತ್ರ ಬರೆಯಲು ತೊಡಗಿ, ಅನಂತರ ಊರೂರು ತಿರುಗಿ, ನೆನಪಿದ್ದವರ ಹೇಳಿಕೆಗಳನ್ನು ಬರೆದುಕೊಂಡು, ಮನೆಗಳ ಅಟ್ಟದಲ್ಲಿದ್ದ ಕಾಗದಗಳನ್ನು ಕೂಡಿಸಿದ. 1854ರಿಂದ 1886ರವರೆಗೆ ವಿಸ್ಕಾನ್ಸಿನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದು, 1891ರಲ್ಲಿ ತೀರಿಕೊಂಡಾಗ ಸಂಗ್ರಹವನ್ನೆಲ್ಲ ಆ ಸಂಸ್ಥೆಗೆ ಬಿಟ್ಟುಹೋದ. ಬರೆಯಬೇಕೆಂದಿದ್ದ ಪುಸ್ತಕಗಳಲ್ಲಿ ಹೆಚ್ಚಿನವು ಮುಗಿಯಲೇ ಇಲ್ಲ. ಬೂನ್ ಜೀವನಚರಿತ್ರೆ ಅರ್ಧಕ್ಕೇ ನಿಂತಿತು.

ಕಾಗದಗಳನ್ನು ಕೊಂಡೊಯ್ದವನು ಮೂಲಪ್ರತಿಗಳನ್ನು ಹಿಂದಿರುಗಿಸಲಿಲ್ಲ ಎಂಬ ದೂರು ದಕ್ಷಿಣದ ಕುಟುಂಬಗಳಿಂದ ಬಂದದ್ದುಂಟು. ಆ ದೂರನ್ನು ನಾನು ಹಗುರವಾಗಿ ನೋಡುವುದಿಲ್ಲ. ನಂಬಿ ಕೊಟ್ಟ ಮನೆಯ ಕಾಗದ ಮರಳಿ ಬರದಿದ್ದರೆ ಆಗುವ ನೋವು ನಿಜವಾದದ್ದು. ಇನ್ನೊಂದು ಕಡೆ, 1865ರ ಏಪ್ರಿಲ್‌ನಲ್ಲಿ ರಿಚ್ಮಂಡ್ ನಗರ ಉರಿದಾಗ, ಸುರಕ್ಷಿತವಾಗಿರಲೆಂದು ಅಲ್ಲಿಗೆ ಕಳಿಸಿದ್ದ ಹಲವು ಕೌಂಟಿಗಳ ದಾಖಲೆಗಳೂ ವಸಾಹತು ಕಾಲದ ಜನರಲ್ ಕೋರ್ಟಿನ ಕಡತಗಳೂ ಸುಟ್ಟುಹೋದವು. ಮ್ಯಾಡಿಸನ್ ಸೇರಿದ ಹಾಳೆಗಳಿಗೆ ಆ ಗತಿ ಬರಲಿಲ್ಲ. ಕೊಂಡೊಯ್ದದ್ದು ತಪ್ಪೇ ಇರಬಹುದು, ಉಳಿದದ್ದು ಅದರಿಂದಲೇ.

ಪ್ರೆಸ್ಟನ್ ಕಾಗದಗಳಿಗೆ ಡ್ರೇಪರ್ ಸಂಗ್ರಹದಲ್ಲಿ ಕ್ಯೂಕ್ಯೂ ಎಂಬ ಸರಣಿ ಸಂಕೇತವಿದೆ. ಒಂದೊಂದು ಪತ್ರದ ಸಾರಾಂಶ ಕೊಡುವ ಕೈಪಿಡಿಯನ್ನು ಸಂಸ್ಥೆ 1915ರಲ್ಲಿಯೇ ಅಚ್ಚು ಹಾಕಿಸಿತು. ಸಂಗ್ರಹದ ಮೈಕ್ರೋಫಿಲ್ಮ್ ಪ್ರತಿಗಳು ಅಮೆರಿಕದ ಅನೇಕ ಗ್ರಂಥಾಲಯಗಳಲ್ಲಿವೆ. ಮನೆತನ ಕವಲೊಡೆದಂತೆ ಕಾಗದಗಳೂ ಕವಲೊಡೆದಿರುವುದರಿಂದ, ರಿಚ್ಮಂಡ್‌ನಲ್ಲಿ, ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ, ಕೆಂಟಕಿಯ ಲೂಯಿವಿಲ್‌ನ ಫಿಲ್ಸನ್ ಇತಿಹಾಸ ಸಂಸ್ಥೆಯಲ್ಲಿಯೂ ಬೇರೆ ಬೇರೆ ಭಾಗಗಳಿವೆ. ಒಂದು ಕಡೆ ಪತ್ರ ಇದ್ದರೆ ಅದರ ಉತ್ತರ ಇನ್ನೊಂದು ಊರಿನಲ್ಲಿರಬಹುದು.

ಹೊಸಓದುಗ ಬರೆದದ್ದು:

ಹಿರಿಯರೆಲ್ಲರಿಗೂ ನಮಸ್ಕಾರ. ಒಂದು ಸಂದೇಹವಿದೆ. ಬೂನ್ ಅಷ್ಟು ಮೊದಲೇ ಕೆಂಟಕಿಗೆ ಹೋಗಿಯೂ ಕೊನೆಗೆ ಭೂಮಿ ಕಳೆದುಕೊಂಡರೆಂದು ಓದಿದ್ದೇನೆ. ಅಲ್ಲಿ ವಾಸವಿದ್ದವರು ಕಳೆದುಕೊಂಡು, ಪ್ರೆಸ್ಟನ್‌ರಂತೆ ದೂರದಲ್ಲಿದ್ದವರು ಉಳಿಸಿಕೊಂಡದ್ದು ಹೇಗೆ?

ಮೋಜಣಿದಾರ ಬರೆದದ್ದು:

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಉತ್ತರ ಸ್ವಲ್ಪ ಉದ್ದವಾದೀತು.

ವರ್ಜೀನಿಯಾ 1779ರಲ್ಲಿ ಮಾಡಿದ ಭೂಕಾನೂನಿನ ಪ್ರಕಾರ, 1778ಕ್ಕೆ ಮೊದಲು ಹೋಗಿ ನೆಲೆಸಿದವನಿಗೆ 400 ಎಕರೆ ಮತ್ತು ಅದಕ್ಕೆ ಹೊಂದಿಕೊಂಡಂತೆ 1,000 ಎಕರೆಯನ್ನು ಮೊದಲಾಗಿ ಕೊಳ್ಳುವ ಹಕ್ಕು ಇತ್ತು. ಉಳಿದವರು ಖಜಾನೆಗೆ ಹಣ ಕಟ್ಟಿ ವಾರಂಟು ಪಡೆಯಬಹುದಿತ್ತು. ವಾರಂಟು ಕೈಗೆ ಬಂದರೆ ಭೂಮಿ ಬಂದಂತಲ್ಲ. ಎಲ್ಲಿಯ ನೆಲ ಬೇಕೆಂದು ಕೌಂಟಿ ಮೋಜಣಿದಾರನ ಪುಸ್ತಕದಲ್ಲಿ ನಮೂದಿಸಬೇಕು, ಅನಂತರ ಮೋಜಣಿ ಮಾಡಿಸಬೇಕು, ಆ ಮೇಲೆ ರಾಜಧಾನಿಯ ಭೂಕಚೇರಿಗೆ ಕಳಿಸಿ ಹಕ್ಕುಪತ್ರ ಪಡೆಯಬೇಕು. ನಮೂದಿಸುವಾಗ ವಿವರ ಎಷ್ಟು ನಿಖರವಾಗಿರಬೇಕೆಂದರೆ, ಅದನ್ನು ಓದಿದ ಇನ್ನೊಬ್ಬ ಆ ಜಾಗವನ್ನು ಬಿಟ್ಟು ಅದರ ಪಕ್ಕದ ನೆಲವನ್ನು ಖಚಿತವಾಗಿ ಗುರುತಿಸಲು ಸಾಧ್ಯವಾಗಬೇಕು. ಕಾಡಿನ ಅನುಭವ ಎಷ್ಟಿದ್ದರೂ ಈ ಬರವಣಿಗೆಯಲ್ಲಿ ಎಡವಿದವನ ಹಕ್ಕು ನ್ಯಾಯಾಲಯದಲ್ಲಿ ಬಿದ್ದುಹೋಗುತ್ತಿತ್ತು. ಬೂನ್‌ಗೆ ಆದದ್ದು ಬಹುಮಟ್ಟಿಗೆ ಇದೇ. ಆತ 1799ರಲ್ಲಿ ಮಿಸೌರಿಗೆ ಹೊರಟುಹೋದ.

ಸರ್ಕಾರ ಮೊದಲೇ ನಾಡನ್ನು ಅಳೆದು ತುಂಡು ಮಾಡಿ ಕೊಡಲಿಲ್ಲ. ಬೇಕಾದವರು ಬೇಕಾದಲ್ಲಿ ಅಳೆದುಕೊಂಡರು. ಹೀಗಾಗಿ ಒಂದರ ಮೇಲೊಂದು ಹೆಂಚು ಹೊದಿಸಿದಂತೆ ಹಕ್ಕುಗಳು ಕೂಡಿಕೊಂಡವು. ಓಹಾಯೊ ನದಿಯ ಉತ್ತರಕ್ಕೆ 1785ರ ಶಾಸನದಿಂದ ಆರು ಮೈಲಿ ಚೌಕದ ಟೌನ್‌ಶಿಪ್‌ಗಳನ್ನೂ ಅವುಗಳೊಳಗೆ 640 ಎಕರೆಯ 36 ಭಾಗಗಳನ್ನೂ ಅಳೆದ ಮೇಲೆಯೇ ಮಾರುವ ಕ್ರಮ ಬಂದದ್ದಕ್ಕೆ ದಕ್ಷಿಣದ ಈ ಗೊಂದಲವೂ ಒಂದು ಪಾಠವಾಗಿತ್ತು.

ಹದ್ದುಬಸ್ತಿನ ತಕರಾರು ನ್ಯಾಯಾಲಯಕ್ಕೆ ಬಂದಾಗ ಅವರು ಮಾಡುತ್ತಿದ್ದ ಒಂದು ಪರೀಕ್ಷೆ ನನ್ನಂಥವರಿಗೆ ಬಹಳ ಇಷ್ಟವಾಗುವಂಥದ್ದು. ಗುರುತು ಹಾಕಿದ ಮರಕ್ಕೆ ವರ್ಷ ಕಳೆದಂತೆ ಹೊಸ ತೊಗಟೆ ಬೆಳೆದು ಕೊಡಲಿಯ ಗಾಯ ಒಳಗೆ ಮುಚ್ಚಿಹೋಗುತ್ತದೆ. ಆ ಭಾಗವನ್ನು ಕಡಿದು ತೆಗೆದು, ಗಾಯದ ಮೇಲೆ ಬೆಳೆದ ಉಂಗುರಗಳನ್ನು ಎಣಿಸಿದರೆ ಗುರುತು ಯಾವ ವರ್ಷ ಬಿದ್ದದ್ದು ಎಂದು ತಿಳಿಯುತ್ತದೆ. ಮೋಜಣಿ ಹಾಳೆಯ ಇಸವಿಗೂ ಮರದೊಳಗಿನ ಇಸವಿಗೂ ತಾಳೆಯಾದರೆ ಸಾಕ್ಷಿ ಗಟ್ಟಿಯಾಯಿತು. ಮರವೇ ಬಿದ್ದುಹೋಗಿದ್ದರೆ ಉಳಿಯುವುದು ಕಾಗದ ಮತ್ತು ಹಳಬರ ಹೇಳಿಕೆ. ಅದಕ್ಕಾಗಿಯೇ ಆರಂಭದ ನೆಲಸಿಗರನ್ನು ಕರೆಸಿ ಸಾಲುಸಾಲಾಗಿ ಹೇಳಿಕೆ ಪಡೆದರು. ಯಾವ ತೊರೆಗೆ ಯಾವಾಗ ಯಾರು ಹೆಸರಿಟ್ಟರು, ಯಾವ ಮರದ ಕೆಳಗೆ ಯಾರು ಬಿಡಾರ ಹೂಡಿದ್ದರು ಎಂಬ ವಿವರವೆಲ್ಲ ಅವುಗಳಲ್ಲಿದೆ. ಅಕ್ಷರ ಬಾರದವರ ಮಾತು ಅಕ್ಷರಕ್ಕೆ ಬಂದದ್ದು ಈ ವ್ಯಾಜ್ಯಗಳಿಂದ. ದೂರದ ಮಾಲೀಕನಿಗೆ ಇದ್ದ ಅನುಕೂಲವೆಂದರೆ, ಆತ ನಮೂದನ್ನು ಸರಿಯಾಗಿ ಬರೆಸಿ, ಪ್ರತಿ ಇಟ್ಟುಕೊಂಡು, ವಕೀಲರಿಗೆ ಹಣ ಕೊಡಬಲ್ಲವನಾಗಿದ್ದ.

ಬರವಣಿಗೆಯ ಬಲ ಪ್ರೆಸ್ಟನ್‌ಗೆ ಚೆನ್ನಾಗಿ ತಿಳಿದಿತ್ತು. 1775ರಲ್ಲಿ ರಿಚರ್ಡ್ ಹೆಂಡರ್ಸನ್ ಚೆರೋಕಿಗಳಿಂದ ಕೆಂಟಕಿಯನ್ನೇ ಖಾಸಗಿಯಾಗಿ ಕೊಳ್ಳಲು ಹೊರಟಾಗ, ಆ ಸುದ್ದಿಯನ್ನು ಗವರ್ನರ್‌ಗೆ ಬರೆದು ತಿಳಿಸಿದವರಲ್ಲಿ ಅವರೂ ಇದ್ದರು. ಆ ಖರೀದಿಯನ್ನು ವರ್ಜೀನಿಯಾ 1778ರಲ್ಲಿ ರದ್ದುಪಡಿಸಿ, ಹೆಂಡರ್ಸನ್ ಕಂಪನಿಗೆ 2,00,000 ಎಕರೆಯನ್ನು ಪರಿಹಾರವಾಗಿ ಕೊಟ್ಟಿತು.

ದಾಖಲೆಪ್ರಿಯೆ ಬರೆದದ್ದು:

ಮೋಜಣಿದಾರರು ಹಳಬರ ಹೇಳಿಕೆಗಳ ವಿಷಯ ತೆಗೆದದ್ದು ಸಂತೋಷ. ಮನೆತನದ ಹೆಂಗಸರ ಬರಹವನ್ನೂ ಅದರ ಜೊತೆಗೆ ಇಡಬೇಕು. ವಿಲಿಯಂ ಪ್ರೆಸ್ಟನ್ ಅವರ ಮಗಳು ಲೆಟೀಷಿಯಾ, ಮೋಜಣಿದಾರ ಫ್ಲಾಯ್ಡ್‌ನ ಮಗನನ್ನೇ ಮದುವೆಯಾದಳು. ತಂದೆ ಸತ್ತ ಕೆಲವೇ ದಿನಗಳಲ್ಲಿ ಹುಟ್ಟಿದ ಆತನಿಗೂ ಜಾನ್ ಫ್ಲಾಯ್ಡ್ ಎಂದೇ ಹೆಸರು, ಮುಂದೆ 1830ರಿಂದ 1834ರವರೆಗೆ ವರ್ಜೀನಿಯಾದ ಗವರ್ನರ್. ಆಕೆ 1843ರಲ್ಲಿ ಮಗನಿಗೆ ಬರೆದ ದೀರ್ಘವಾದ ಪತ್ರದಲ್ಲಿ ಮನೆತನದ ಹಳೆಯ ಸಂಗತಿಗಳನ್ನೆಲ್ಲ ಹೇಳಿದಳು. ಪ್ಯಾಟನ್ ಸತ್ತ ದಿನ ತನ್ನ ತಂದೆ ಕೊಯ್ಲಿಗೆ ಆಳು ಕರೆತರಲೆಂದು ಬೇರೆ ಕಡೆಗೆ ಹೋಗಿದ್ದರಿಂದ ಬದುಕಿದರು ಎಂಬ ವಿವರ ಆ ಮನೆಯ ನೆನಪಿನಿಂದ ಬಂದದ್ದು. ಭೂಮಿಯ ದಾಖಲೆಯಲ್ಲಿ ಇಂತಹ ಮಾತಿಗೆ ಜಾಗವಿಲ್ಲ. ಘಟನೆಯಾದ 88 ವರ್ಷಗಳ ಮೇಲೆ, ಅದನ್ನು ಕಾಣದವರು ಬರೆದದ್ದೆಂಬ ಎಚ್ಚರ ಇರಲೇಬೇಕು. ಆದರೆ ಅದನ್ನು ಬದಿಗೆ ತಳ್ಳಿದರೆ ಮನೆಯೊಳಗಿನ ಮಾತು ನಮಗೆ ಸಿಗುವುದೇ ಇಲ್ಲ.

ಅದೇ ದಾಳಿಯಲ್ಲಿ ಸೆರೆಯಾದ ಮೇರಿ ಡ್ರೇಪರ್ ಇಂಗಲ್ಸ್ ನೂರಾರು ಮೈಲಿ ನಡೆದು ಮರಳಿ ಬಂದದ್ದನ್ನು ಬಹಳ ಜನ ಬಲ್ಲರು. ನನ್ನನ್ನು ಹೆಚ್ಚು ಕಾಡುವುದು ಆಕೆಯ ಮಗ ಥಾಮಸ್. ನಾಲ್ಕು ವರ್ಷದ ಮಗುವಾಗಿ ಹೋದವನು 13 ವರ್ಷ ಶಾನೀಗಳ ನಡುವೆ ಬೆಳೆದ. 1768ರಲ್ಲಿ ತಂದೆ ಹಣ ಕೊಟ್ಟು ಕರೆತಂದಾಗ ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ರಿಜಿಸ್ಟರಿನ ಭಾಷೆಯಲ್ಲಿ ಅವನು ಸೆರೆಯಾಳು. ಅವನ ಪಾಲಿಗೆ ಯಾವುದು ಸೆರೆ, ಯಾವುದು ಮನೆ ಎಂದು ಬರೆಯಲು ಆ ಪುಸ್ತಕದಲ್ಲಿ ಅಂಕಣವಿರಲಿಲ್ಲ. ಹಳೆಗಡತ ಅವರು ಇವನ್ನು ಹಕ್ಕಿನ ಪುರಾವೆಗಳಾಗಿ ಓದಬೇಕೆಂದದ್ದನ್ನು ಒಪ್ಪುತ್ತೇನೆ. ಒಂದು ದಾಖಲೆ ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತೆಂದು ಗೊತ್ತಾದರೆ, ಅದು ಯಾವ ಪ್ರಶ್ನೆಯನ್ನು ಕೇಳಲಿಲ್ಲ ಎಂಬುದೂ ಗೊತ್ತಾಗುತ್ತದೆ.

ಗ್ರಂಥಪಾಲಕಿ ಬರೆದದ್ದು:

ಹೊಸಓದುಗ ಅವರಿಗೆ, ಮತ್ತು ಇದನ್ನು ಓದುತ್ತಿರುವ ಇತರರಿಗೆ, ಆರಂಭಿಸಲು ಒಂದು ದಾರಿ ಹೇಳುತ್ತೇನೆ. ಮೊದಲು 1915ರ ಕೈಪಿಡಿಯಲ್ಲಿ 1774ರಿಂದ 1776ರವರೆಗಿನ ಸಾರಾಂಶಗಳನ್ನು ಅನುಕ್ರಮವಾಗಿ ಓದಿ; ಫ್ಲಾಯ್ಡ್, ಪ್ರೆಸ್ಟನ್ ಮತ್ತು ಡನ್‌ಮೋರ್ ನಡುವಿನ ಪತ್ರಗಳ ಸಂಬಂಧ ಆಗ ಸ್ಪಷ್ಟವಾಗುತ್ತದೆ. ಅನಂತರ ಕೆಂಟಕಿ ಭೂಕಚೇರಿಯ ಜಾಲತಾಣಕ್ಕೆ ಹೋದರೆ ವರ್ಜೀನಿಯಾ ಕಾಲದ ಮೋಜಣಿ ಮತ್ತು ಹಕ್ಕುಪತ್ರಗಳ ಚಿತ್ರಗಳು ಸಿಗುತ್ತವೆ. ವರ್ಜೀನಿಯಾ ರಾಜ್ಯ ಗ್ರಂಥಾಲಯವೂ ತನ್ನ ಭೂದಾಖಲೆಗಳನ್ನು ಮತ್ತು ಅನೇಕ ಕೌಂಟಿಗಳ ವ್ಯಾಜ್ಯದ ಕಡತಗಳನ್ನು ಅಂತರ್ಜಾಲಕ್ಕೆ ಏರಿಸಿದೆ. ಮೋಜಣಿ ಹಾಳೆಯನ್ನು ತೆರೆದಾಗ ಮಾಲೀಕನ ಹೆಸರಿಗೆ ನಿಲ್ಲದೆ, ಕೆಳಗಿನ ಅಂಚಿನವರೆಗೂ ಓದಿ, ಸರಪಳಿಯವರ ಹೆಸರುಗಳನ್ನು ಬರೆದುಕೊಳ್ಳಿ. ಆ ಹೆಸರುಗಳನ್ನು ವ್ಯಾಜ್ಯಗಳ ಸಾಕ್ಷಿ ಹೇಳಿಕೆಗಳಲ್ಲಿ ಹುಡುಕಿದರೆ, ಹತ್ತಿಪ್ಪತ್ತು ವರ್ಷಗಳ ಮೇಲೆ ಅದೇ ವ್ಯಕ್ತಿ ನ್ಯಾಯಾಲಯದ ಮುಂದೆ ನಿಂತು ಅದೇ ಬಿಳಿ ಓಕ್ ಮರದ ಬಗ್ಗೆ ಮಾತಾಡುವುದು ಸಿಗಬಹುದು. ಓದಲು ಕಷ್ಟವಾದ ಕೈಬರಹದ ಹಾಳೆಗಳಿದ್ದರೆ ಇಲ್ಲಿ ಹಾಕಿ. ಮೋಜಣಿದಾರ ಸರ್ ಅಳತೆಯ ಭಾಗವನ್ನು, ನಾನು ಅಕ್ಷರದ ಭಾಗವನ್ನು ನೋಡಿ ತಿಳಿಸುತ್ತೇವೆ.